ಕೂದಲೆಳೆ ಮೇಸ್ತ್ರಿ ಪಾಸು ಮಾಡಿದ ಪಂಪು

ಕೂದಲೆಳೆ ಮೇಸ್ತ್ರಿಗೆ ಕೂರಲು ಬರುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಐವತ್ತೇಳು ವರ್ಷದ ಮನುಷ್ಯ, ಎರಡು ತುತ್ತು ಊಟವನ್ನೂ ನೆಟ್ಟಗೆ ಕೂತು ಮಾಡಿದವರಲ್ಲ. ತಟ್ಟೆ ಎಡಗೈಯಲ್ಲಿ, ಬಲಗೈ ಬಾಯಿಯ ಹತ್ತಿರ, ಕಾಲು ಮಾತ್ರ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮೆಟ್ಟಿಲಿಗೆ. "ರೀ, ನಿಮಗೆ ಬಡಿಸೋಕೆ ನಾನೂ ಪಾತ್ರೆ ಹಿಡ್ಕೊಂಡು ನಿಮ್ಮ ಹಿಂದೆ ಓಡಬೇಕಾ?" ಎಂದು ಹೆಂಡತಿ ಮದುವೆಯಾದ ಹೊಸದರಲ್ಲಿ ಕೇಳಿದ್ದರು. ಈಗ ಕೇಳುವುದಿಲ್ಲ. ಪಾತ್ರೆಯನ್ನು ಮೆಟ್ಟಿಲ ಪಕ್ಕದ ಕಟ್ಟೆಯ ಮೇಲಿಟ್ಟು ತಾವು ಹಾಯಾಗಿ ಕೂತು ಉಣ್ಣುತ್ತಾರೆ. ಗಂಡ ಆ ದಾರಿಯಲ್ಲಿ ಹಾದುಹೋಗುವಾಗ ತಾವೇ ಬಡಿಸಿಕೊಳ್ಳುತ್ತಾರೆ.

ಮನೆ ಮೇಲೆ, ಗ್ಯಾರೇಜು ಕೆಳಗೆ. ಎರಡರ ನಡುವೆ ಹದಿನೆಂಟು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಮೇಸ್ತ್ರಿ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾರೆಂದು ಲೆಕ್ಕ ಇಟ್ಟವರಿಲ್ಲ, ಆದರೆ ಮೂರನೆಯ ಮೆಟ್ಟಿಲಿನ ಅಂಚು ಸವೆದು ಬೋಳಾಗಿದೆ. ನಿದ್ದೆಯಲ್ಲೂ ಪಾದ ಆಡಿಸುತ್ತಾರಂತೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಇವರನ್ನು ಬೆಂಚಿನ ಮೇಲೆ ಕೂರಿಸಿ ಕೂರಿಸಿ ಸಾಕಾಗಿ, ಕೊನೆಗೆ ಮೇಷ್ಟ್ರೇ ಗಂಟೆ ಹೊಡೆಯುವ ಕೆಲಸ ಕೊಟ್ಟು ಹೊರಗೆ ನಿಲ್ಲಿಸಿದ್ದರು. ಓದು ಅಲ್ಲಿಗೇ ಮುಗಿಯಿತು. ಆಮೇಲೆ ಬಸ್ಸು ಡಿಪೋದಲ್ಲಿ ಸ್ಪ್ಯಾನರ್ ಹಿಡಿದವರು, ಹತ್ತು ವರ್ಷ ಅಲ್ಲಿ ಎಂಜಿನ್ ಬಿಚ್ಚಿ ಕಟ್ಟಿ, ಸ್ವಂತ ಗ್ಯಾರೇಜು ಹಾಕಿದರು.

ಇಂಥ ಮನುಷ್ಯ ಒಂದೇ ಒಂದು ಹೊತ್ತಿನಲ್ಲಿ ಕಲ್ಲಿನ ಹಾಗೆ ನಿಲ್ಲುತ್ತಾರೆ. ಅಳತೆ ಮಾಡುವ ಹೊತ್ತಿನಲ್ಲಿ. ಕೈಯಲ್ಲಿ ಫೀಲರ್ ಗೇಜ್ ಬಂತೆಂದರೆ ಸಾಕು, ಉಸಿರು ಕೂಡ ಕೇಳಿಸುವುದಿಲ್ಲ. ಫೀಲರ್ ಗೇಜ್ ಎಂದರೆ ಏನೂ ಇಲ್ಲ, ಚಾಕುವಿನ ಹಿಡಿಯಂಥ ಒಂದು ಹಿಡಿಯಲ್ಲಿ ಮಡಚಿಟ್ಟ ಇಪ್ಪತ್ತು ತೆಳು ಉಕ್ಕಿನ ಬ್ಲೇಡುಗಳು. ಒಂದೊಂದಕ್ಕೂ ಒಂದೊಂದು ದಪ್ಪ. ಯಾವ ಸಂದಿನಲ್ಲಿ ಯಾವ ಬ್ಲೇಡು ಬಿಗಿಯಾಗಿ ಜಾರುತ್ತದೋ ಆ ಸಂದಿನ ಅಗಲ ಅಷ್ಟು. ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಐದು, ಹತ್ತು, ಹದಿನೈದು ಎಂದು ಎಣಿಸುವ ಕೆಲಸ. ಒಮ್ಮೆ ಲೇಥ್ ಅಂಗಡಿಯಲ್ಲಿ ಕಡೆಸಿ ತಂದ ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಮೂರು ಸಲ ವಾಪಸ್ ಕಳಿಸಿದರು, ಮೂರು ಸಲವೂ "ಇನ್ನೊಂದು ಕೂದಲೆಳೆ" ಎಂದರು. ನಾಲ್ಕನೆಯ ಸಲ ಲೇಥಿನವನೇ ಹೊತ್ತುಕೊಂಡು ಬಂದು, "ತಗೊಳಪ್ಪಾ ಕೂದಲೆಳೆ, ನಿನ್ನ ಕೈಗೆ ನಮಸ್ಕಾರ" ಎಂದು ಬೆಂಚಿನ ಮೇಲೆ ಇಟ್ಟು ಹೋದ. ಹೆಸರು ಅಂಟಿಕೊಂಡಿತು. ಅಂದಿನಿಂದ ಆ ರಸ್ತೆಯಲ್ಲಿ ಯಾರ ಗಾಡಿಯಾದರೂ ಸರಿ, ಕೂದಲೆಳೆ ಮೇಸ್ತ್ರಿ ಪಾಸು ಮಾಡಿದ್ದನ್ನು ಇನ್ನೊಬ್ಬರು ಬಿಚ್ಚಿ ನೋಡುವುದಿಲ್ಲ.

ಒಳ್ಳೆಯ ಗುಣ ಹೇಳಿದ್ದಾಯಿತು, ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಈ ಮನುಷ್ಯನ ಬಾಯಿಂದ "ನನ್ನದು ತಪ್ಪು" ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರು ಯಾರೂ ಇಲ್ಲ. ಒಂದು ಸಲ ಹೆಂಡತಿಯನ್ನು ಕರೆದುಕೊಂಡು ಗೆಳೆಯನ ಮಗನ ಮದುವೆಗೆ ಹೊರಟು, ಬೇರೆ ಯಾರದ್ದೋ ಛತ್ರಕ್ಕೆ ಹೋಗಿ, ಉಡುಗೊರೆ ಕೊಟ್ಟು, ಫೋಟೋಕ್ಕೆ ನಿಂತು, ಹೊಟ್ಟೆ ತುಂಬ ಉಂಡು ಬಂದರು. ದಾರಿಯಲ್ಲಿ ಹೆಂಡತಿ, "ಮದುಮಗ ನಿಮ್ಮನ್ನ ನೋಡಿ ಯಾರು ಅಂತ ಅವರಮ್ಮನ್ನ ಕೇಳ್ತಿದ್ದ ಕಣ್ರೀ" ಎಂದರೆ, ಮೇಸ್ತ್ರಿ ಒಪ್ಪಬೇಕಲ್ಲ! "ಆ ಛತ್ರದವರು ಬೋರ್ಡನ್ನ ತಪ್ಪು ಕಡೆ ನೆಟ್ಟಿದ್ದಾರೆ" ಎಂದು ಛತ್ರದ ಮೇಲೇ ಹಾಕಿದರು. ಹೆಂಡತಿ ಇಂದಿಗೂ ಆ ಕಥೆ ಹೇಳಿ ನಗುತ್ತಾರೆ. ಮೇಸ್ತ್ರಿ ಇಂದಿಗೂ ಆ ಬೋರ್ಡನ್ನು ಬಯ್ಯುತ್ತಾರೆ.

ಈಗ ಬೀಗರ ವಿಷಯಕ್ಕೆ ಬರುತ್ತೇನೆ. ಮಗಳನ್ನು ಕೊಟ್ಟದ್ದು ಬೆಟ್ಟದ ಆಚೆಯ ಊರಿಗೆ. ಮಗಳ ಮಾವ ಅಂಚೆ ಕಚೇರಿಯಿಂದ ನಿವೃತ್ತರಾದವರು, ಧಾರಾಳ ಮನುಷ್ಯ, ಬಾಯಿ ಮಾತ್ರ ಊರಗಲ. ಒಂದು ವಿಷಯ ಅವರ ಕಿವಿಗೆ ಬಿತ್ತೆಂದರೆ ಉಪ್ಪು ಖಾರ ಹಚ್ಚಿ ನೆಂಟರಿಷ್ಟರಿಗೆಲ್ಲ ಹಂಚಿಬಿಡುತ್ತಾರೆ. ಮೇಸ್ತ್ರಿಗೆ ಲೋಕದಲ್ಲಿ ಯಾರ ಭಯವೂ ಇರಲಿಲ್ಲ, ಬೀಗರ ಬಾಯಿಯದೊಂದು ಬಿಟ್ಟು.

ಮಗಳು ತನ್ನ ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದು ವಾರವಾಗಿತ್ತು. ಅವಳನ್ನು ವಾಪಸ್ ಕರೆದೊಯ್ಯಲು ಬೀಗರು ತಮ್ಮ ಹಳೆಯ ಕಾರಿನಲ್ಲಿ ಬಂದರು. ಬರುತ್ತಲೇ ಗ್ಯಾರೇಜಿನ ನೆಲಕ್ಕೆ ಕಾರು ಎರಡು ಹನಿ ಎಣ್ಣೆ ಉದುರಿಸಿತು. ಮೇಸ್ತ್ರಿ ಬಗ್ಗಿ ನೋಡಿದರು. ಎಂಜಿನ್ನಿನ ಮುಂಭಾಗದಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲು ಹೋಗಿತ್ತು. "ಎರಡು ದಿನ ಇರಿ ಬೀಗರೇ, ಮುಂದಿನ ಮುಚ್ಚಳ ಬಿಚ್ಚಬೇಕು" ಎಂದರು. ಮುಚ್ಚಳ ಬಿಚ್ಚಿದರೆ ಆಯಿಲ್ ಪಂಪು ಅದರೊಳಗೇ ಕೂತಿರುತ್ತದೆ, ಕಣ್ಣೆದುರಿಗೆ. ಎಂಜಿನ್ನಿನ ಅಡಿಯ ಎಣ್ಣೆಯನ್ನು ಎತ್ತಿ ತಿರುಗುವ ಒಂದೊಂದು ಜಾಗಕ್ಕೂ ಒತ್ತಿ ಕಳಿಸುವುದು ಅದರ ಕೆಲಸ. ಅದು ಕೈಕೊಟ್ಟರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಎಂಜಿನ್ ಓಡುತ್ತಿರುವಂತೆಯೇ ಕಚ್ಚಿಕೊಂಡು ನಿಲ್ಲುತ್ತದೆ. ಸಪಾಟು ರಸ್ತೆಯಲ್ಲಾದರೆ ಬದಿಗೆ ಹಾಕಿ ಇಳಿಯಬಹುದು. ಇಳಿಜಾರಿನ ತಿರುವಿನಲ್ಲಿ, ಹಿಂದೊಂದು ಲಾರಿ ಇರುವಾಗ ಆದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಬೀಗರೂ ಸುಮ್ಮನೆ ಕೂರುವ ಆಸಾಮಿಯಲ್ಲ. ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಹೊಸ ಪಂಪೊಂದನ್ನು ಡಬ್ಬಿ ಸಮೇತ ತಂದು ಬೆಂಚಿನ ಮೇಲಿಟ್ಟರು.

"ಹಳೇದು ಹನ್ನೆರಡು ವರ್ಷ ಓಡಿದೆ ಬೀಗರೇ. ಹೇಗೂ ಬಿಚ್ಚಿದ್ದೀರಿ, ಇದನ್ನೇ ಹಾಕಿಬಿಡಿ."

ಮೇಸ್ತ್ರಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅಳೆಯುವುದಕ್ಕೂ ಮೊದಲೇ ಬದಲಾಯಿಸುವುದಂತೆ! ಅದೂ ತಮ್ಮ ಬೆಂಚಿನ ಮೇಲೆ!

"ಹಾಕೋದೇನು, ಯಾರು ಬೇಕಾದ್ರೂ ಹಾಕ್ತಾರೆ. ಸವೆದಿದ್ಯಾ ಇಲ್ವಾ ಅಂತ ಹೇಳೋನು ಬೇಕಲ್ಲ? ಬನ್ನಿ ಈ ಕಡೆ."

ಪಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ಒಳಗಿನ ಹಲ್ಲಿನ ಚಕ್ರ, ಅದನ್ನು ಸುತ್ತುವರಿದ ಹೊರಚಕ್ರ, ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿಗೆ ಸಿಗುವಂಥ ಗೀರು ಇರಲಿಲ್ಲ. ಹಲ್ಲಿನ ತುದಿಯ ಸಂದು ಅಳೆದರು, ಸರಿ. ಹೊರಚಕ್ರದ ಸುತ್ತಲಿನ ಸಂದು ಅಳೆದರು, ಅದೂ ಸರಿ. ಉಳಿದದ್ದು ಮೂರನೆಯದು, ಚಕ್ರದ ಮೈಗೂ ಮುಚ್ಚಳಕ್ಕೂ ನಡುವಿನ ಸಂದು. ಪಂಪು ಸೋಲುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ಹನ್ನೆರಡರವರೆಗೆ ಮಾಫಿ, ದಾಟಿದರೆ ಪಂಪು ಗುಜರಿಗೆ. ನೇರಪಟ್ಟಿಯನ್ನು ಅಡ್ಡ ಇಟ್ಟು, ಹತ್ತರ ಬ್ಲೇಡನ್ನು ತೂರಿಸಿದರು. ಬಿಗಿಯಾಗಿ, ಬೆಣ್ಣೆ ಸವರಿದ ಹಾಗೆ ಜಾರಿತು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಗ್ಯಾರೇಜಿನ ಗೋಡೆಯ ಮೇಲೆ ಮೇಸ್ತ್ರಿಯೇ ಬಣ್ಣದಲ್ಲಿ ದಪ್ಪಗೆ ಬರೆಸಿದ ಎರಡು ಸಾಲಿವೆ. 'ಬ್ಲೇಡ್ ಒರೆಸಿ ಹಾಕು. ಮುಂದಿನ ಬ್ಲೇಡ್ ಹೋಗುವುದಿಲ್ಲ ಎಂದು ಖಾತ್ರಿ ಮಾಡು.' ಕೆಲಸ ಕಲಿಯಲು ಬಂದವರ ತಲೆಗೆ ಇದನ್ನು ಮೊಟಕಿ ಮೊಟಕಿ ತುಂಬಿದವರು ಅವರೇ. ಆ ದಿನ ಮಾತ್ರ ಹತ್ತು ಬಿಗಿಯಾಗಿ ಹೋಯಿತೆಂಬ ಖುಷಿಯಲ್ಲಿ, ಹದಿನೈದರ ಬ್ಲೇಡನ್ನು ಎತ್ತುವ ಬದಲು ಬೀಗರ ಕೈ ಎಳೆದರು.

"ಹಿಡೀರಿ ಇದನ್ನ. ಎಳೀರಿ. ಹಿಡಿತ ಗೊತ್ತಾಗ್ತಿದ್ಯಾ?"

"ಗೊತ್ತಾಗ್ತಿದೆ, ಗೊತ್ತಾಗ್ತಿದೆ" ಎಂದರು ಬೀಗರು, ಅವರಿಗೇನು ಗೊತ್ತಾಯಿತೋ ದೇವರಿಗೇ ಗೊತ್ತು.

"ಹತ್ತು! ಹನ್ನೆರಡು ಮಾಫಿ, ಇದು ಹತ್ತು. ಈ ಪಂಪು ಇನ್ನೂ ಐದು ವರ್ಷ ನಿಮ್ಮನ್ನ ಹೊತ್ಕೊಂಡು ತಿರುಗುತ್ತೆ. ನಿಮ್ಮ ಡಬ್ಬೀನ ಅಂಗಡಿಗೇ ವಾಪಸ್ ಕೊಟ್ಟುಬಿಡಿ."

ಮಗಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಮಾವ, ನಮ್ಮಪ್ಪನ ಹತ್ರ ವಾದ ಮಾಡ್ಬೇಡಿ. ಊಟಕ್ಕೆ ಉಪ್ಪು ಹಾಕಿದ್ದೀರಾ ಅಂತ ಕೇಳಿದ್ರೂ ಗೇಜ್ ತರ್ತಾರೆ" ಎಂದಳು. ಎಲ್ಲರೂ ನಕ್ಕರು. ಸೀಲು ಹಾಕಿ, ಮುಚ್ಚಳ ಬಿಗಿದು, ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದಾಗ, ಎಣ್ಣೆಯ ಒತ್ತಡ ಬಿದ್ದರೆ ಎಚ್ಚರಿಸುವ ಡ್ಯಾಶಿನ ಕೆಂಪು ದೀಪ ಒಮ್ಮೆ ಹತ್ತಿ, ಎಂಜಿನ್ ಹಿಡಿದ ಕೂಡಲೇ ಆರಿತು. ಮೇಸ್ತ್ರಿಯ ಎದೆ ಒಂದು ಗೇಣು ಉಬ್ಬಿತು. ಮೂರನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಅವರು ಹೊರಟರು. ಕೂಸು ಹಿಂದಿನ ಸೀಟಿನಿಂದ ಕೈ ಬೀಸಿತು.

ಅವರು ಹೋಗಿ ಅರ್ಧ ಗಂಟೆ ಕಳೆದಿರಬೇಕು. ಮೇಸ್ತ್ರಿ ಇನ್ನೊಂದು ಕಾರಿನ ಎಂಜಿನ್ನಿನ ಟ್ಯಾಪೆಟ್ ಸಂದು ನೋಡಲು ಫೀಲರ್ ಗೇಜ್ ತೆಗೆದರು. ಮೊದಲು ಬೇಕಾದದ್ದು ಇಪ್ಪತ್ತರ ಬ್ಲೇಡು, ಅದನ್ನು ಹುಡುಕುತ್ತ ಒಂದೊಂದೇ ಬೆರಳಿನಿಂದ ಸರಿಸುವಾಗ ಹತ್ತರ ಬ್ಲೇಡು ಸ್ವಲ್ಪ ದಪ್ಪ ಎನಿಸಿತು. ಬೆಳಕಿಗೆ ಹಿಡಿದರು. ಉಗುರಿನಿಂದ ಅಂಚನ್ನು ಕೆದಕಿದರು. ಒಂದು ಬ್ಲೇಡು ಎರಡಾಯಿತು. ಹತ್ತರ ಬೆನ್ನಿಗೆ ಐದರದ್ದು ಅಂಟಿಕೊಂಡಿತ್ತು. ಬೇರಿಂಗು ಕೂರಿಸುವಾಗ ಸವರುವ ಮಂದ ಎಣ್ಣೆ ಅವೆರಡರ ನಡುವೆ ಸೇರಿ, ಅಂಚಿಗೆ ಅಂಚು ಕೂಡಿ ಒಂದೇ ಎಂಬಂತೆ ಕೂತಿತ್ತು.

ಮೇಸ್ತ್ರಿ ಎರಡನ್ನೂ ಕೂಡಿದರು. ಹತ್ತು ಮತ್ತು ಐದು ಹದಿನೈದು. ಹನ್ನೆರಡು ಮಾಫಿ.

ಅಳೆಯುವಾಗಲೇ ಅಂಟಿತ್ತೋ, ಆಮೇಲೆ ಮಡಚಿಡುವಾಗ ಅಂಟಿತೋ? ಕಣ್ಣು ಮುಚ್ಚಿ ನೆನಪಿಸಿಕೊಂಡರು. ಮೊದಲ ಎರಡು ಸಂದುಗಳಿಗೆ ಬೇರೆ ಬ್ಲೇಡು ಹಾಕಿದ್ದು ನೆನಪಿತ್ತು. ಮೂರನೆಯದಕ್ಕೆ ಹತ್ತನ್ನು ಬಿಡಿಸಿದ್ದು ನೆನಪಿತ್ತು. ಒರೆಸಿದ್ದು ನೆನಪಾಗಲಿಲ್ಲ. ಬೀಗರ ಮಾತು ನೆನಪಿತ್ತು, ತಮ್ಮ ಮಾತು ನೆನಪಿತ್ತು, ಆ ಡಬ್ಬಿಯ ಬಣ್ಣ ಕೂಡ ನೆನಪಿತ್ತು. ಒರೆಸಿದ್ದೊಂದೇ ಇಲ್ಲ. ಅಳತೆಯ ಹಿಂದಿನ ದಿನ ಇನ್ನೊಂದು ಗಾಡಿಗೆ ಬೇರಿಂಗು ಕೂರಿಸಿದ್ದು ಯಾರು? ತಾವೇ. ಮಂದ ಎಣ್ಣೆ ಮೆತ್ತಿದ ಕೈಯಲ್ಲಿ ಗೇಜನ್ನು ಎತ್ತಿ ಪಕ್ಕಕ್ಕಿಟ್ಟದ್ದು? ಅದೂ ತಾವೇ.

ಸ್ಟಾರ್ಟ್ ಮಾಡಿದಾಗ ದೀಪ ಆರಿತಲ್ಲ ಎಂದು ಒಂದು ಗಳಿಗೆ ಸಮಾಧಾನ ಹೇಳಿಕೊಂಡರು. ಎರಡನೆಯ ಗಳಿಗೆಗೆ ಅದೂ ಹೋಯಿತು. ತಣ್ಣಗಿನ ಎಣ್ಣೆ ಗಟ್ಟಿ, ಸವೆದ ಪಂಪೂ ಅದನ್ನು ಒತ್ತುತ್ತದೆ. ಎಂಜಿನ್ ಕಾದು ಎಣ್ಣೆ ನೀರಿನಂತಾದ ಮೇಲೆ ತಾನೇ ಪಂಪಿನ ಬಂಡವಾಳ ಬಯಲಾಗುವುದು! ಬೆಟ್ಟ ಹತ್ತುವಾಗ ಕಾಯುವಷ್ಟು ಎಂಜಿನ್ ಇನ್ನೆಲ್ಲೂ ಕಾಯುವುದಿಲ್ಲ. ಅದಾದ ಮೇಲೆ ಆಚೆ ಬದಿಯ ಇಳಿಜಾರು. ಅಲ್ಲಿ ಒಂದಾದ ಮೇಲೊಂದು ಹನ್ನೊಂದು ತಿರುವು.

ಸ್ಪ್ಯಾನರ್ ಕೆಳಗಿಟ್ಟರು. ಎತ್ತಿಕೊಂಡರು. ಗ್ಯಾರೇಜಿನ ಬಾಗಿಲ ತನಕ ಹೋದರು, ತಿರುಗಿದರು. ಟ್ಯಾಪೆಟ್ ಕೆಲಸಕ್ಕೆ ಕೈ ಹಾಕಿ, ಒಂದೇ ನಟ್ಟನ್ನು ಎರಡು ಸಲ ಬಿಗಿದು, ಎರಡು ಸಲ ಸಡಿಲಿಸಿದರು. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು ಎಂದರೆ ಬೆಕ್ಕಿಗೇ ಅವಮಾನ. ಕೊನೆಗೆ ಫೋನು ತೆಗೆದು ಮಗಳಿಗೆ ಹಚ್ಚಿದರು.

"ಏನಪ್ಪ?" ಎಂದಳು ಮಗಳು.

"ಏನಿಲ್ಲ. ಎಲ್ಲಿದ್ದೀರ?"

"ಬೆಟ್ಟದ ಬುಡಕ್ಕೆ ಬಂದ್ವಿ. ಇನ್ನೇನು ಹತ್ತಬೇಕು. ಯಾಕೆ?"

ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಗಾಡಿ ನಿಲ್ಲಿಸಿ, ನನ್ನ ಅಳತೆ ತಪ್ಪಿರಬಹುದು. ಇಷ್ಟೇ. ಅಷ್ಟರಲ್ಲಿ ಅತ್ತಲಿಂದ ಬೀಗರ ದನಿ ಕೇಳಿಸಿತು, "ಯಾರಮ್ಮ, ಅಪ್ಪನಾ? ಪಂಪು ಗಟ್ಟಿಯಾಗಿದೆ ಅಂತ ಹೇಳು!" ಜೊತೆಗೆ ನಗು. ಮುಂದಿನ ಎಲ್ಲ ಸಮಾರಂಭಗಳಲ್ಲಿ ಬೀಗರು ನಡುಮನೆಯಲ್ಲಿ ಕೂತು, 'ಹತ್ತು ಅಂದ್ರು ಸ್ವಾಮೀ, ನನ್ನ ಕೈಯಲ್ಲೇ ಎಳೆಸಿದ್ರು!' ಎನ್ನುವುದು ಮೇಸ್ತ್ರಿಯ ಕಿವಿಯಲ್ಲಿ ಮೊಳಗಿತು.

"ಕೂಸು ಏನ್ಮಾಡ್ತಿದೆ?" ಎಂದು ಕೇಳಿದರು.

"ಹಿಂದಿನ ಸೀಟಲ್ಲಿ ಮಲಗಿದೆ. ನೀನು ಆರಾಮಾಗಿರಪ್ಪ, ಗಾಡಿ ಹೂವಿನ ಹಾಗೆ ಓಡ್ತಿದೆ."

ಫೋನು ಇಟ್ಟರು. ಇಟ್ಟ ಮರುಕ್ಷಣವೇ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಅಲ್ಲ, ನೀವೇ ಹೇಳಿ, ಮೊಮ್ಮಗು ಮಲಗಿರುವ ಗಾಡಿಯ ಬಗ್ಗೆ ಬಾಯಿ ಬಿಡಲು ಬೀಗರ ಒಂದು ನಗು ಅಡ್ಡ ಬರಬೇಕೇ? ಮೇಸ್ತ್ರಿಯನ್ನು ಇಷ್ಟು ವರ್ಷದಿಂದ ಬಲ್ಲ ನನಗೇ ಆ ಹೊತ್ತು ಅವರ ಕೆನ್ನೆಗೆ ಎರಡು ಬಾರಿಸಬೇಕೆನಿಸುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದರು. ಸಿಗಲಿಲ್ಲ. ಬೀಗರಿಗೆ ಹಚ್ಚಿದರು. ಸಿಗಲಿಲ್ಲ. ಬೆಟ್ಟದ ರಸ್ತೆಯಲ್ಲಿ ಸಿಗ್ನಲ್ ಇರುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ಬಂದರು. ಹೆಂಡತಿ ಬಟ್ಟೆ ಮಡಚುತ್ತಿದ್ದರು.

"ನೀರು ಕೊಡು."

ಕೊಟ್ಟರು. ಕುಡಿಯದೆ ಇಟ್ಟರು. ಕಿಟಕಿಯ ಹತ್ತಿರ ಹೋದರು. ಬಂದರು. ಮತ್ತೆ ಹೋದರು.

"ಏನ್ರೀ ಅದು, ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದೋರ ಹಾಗೆ? ನೀವು ಓಡಾಡೋದು ಹೊಸದಲ್ಲ, ಆದ್ರೆ ಈ ಮುಖ ಹೊಸದು."

ಮೇಸ್ತ್ರಿ ಜೇಬಿನಿಂದ ಗೇಜ್ ತೆಗೆದು, ಎರಡೂ ಬ್ಲೇಡುಗಳನ್ನು ಒಟ್ಟಿಗೆ ಹಿಡಿದು ತೋರಿಸಿದರು. ಮೂವತ್ತು ವರ್ಷ ಗ್ಯಾರೇಜಿನ ಮೇಲೆ ಬಾಳಿದ ಹೆಂಗಸಿಗೆ ಬಿಡಿಸಿ ಹೇಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಆದರೂ ಹೇಳಿದರು. ಅಂಟಿಕೊಂಡಿತ್ತೋ ಇಲ್ಲವೋ ಖಾತ್ರಿಯಿಲ್ಲ ಎಂದರು. ಎಣ್ಣೆ ಆಮೇಲೆ ಹತ್ತಿರಬಹುದು ಎಂದರು. ಬೀಗರು ಪಕ್ಕದಲ್ಲಿ ನಿಂತು ವಟಗುಟ್ಟುತ್ತಿದ್ದರು, ಅದಕ್ಕೇ ಗಮನ ತಪ್ಪಿತು ಎಂದೂ ಸೇರಿಸಿದರು.

"ಫೋನಲ್ಲಿ ಹೇಳಿದ್ರಾ?"

"ಇಲ್ಲ."

"ಯಾಕೆ?"

ಮೇಸ್ತ್ರಿ ಗೇಜನ್ನು ಜೇಬಿಗೆ ಹಾಕಿ ಮತ್ತೆ ಕಿಟಕಿಯತ್ತ ತಿರುಗಿದರು. ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದು ನಿಂತರು. ಅವರ ದನಿಯಲ್ಲಿ ತಮಾಷೆಯ ಲವಲೇಶವೂ ಉಳಿದಿರಲಿಲ್ಲ. "ಇದನ್ನ ನನ್ನ ಮುಂದೆ ಹೇಳಿ ಏನು ಬಂತು? ಗಾಡಿಯಲ್ಲಿರೋದು ನಾನಲ್ಲ. ಮೊದಲು ಕೆಳಗಿಳೀರಿ. ಓಡಿ."

ಓಡಿದರು. ತಮ್ಮ ಹಳೆಯ ಕಾರಿನ ಪಕ್ಕದ ಸೀಟಿಗೆ ಸ್ಪ್ಯಾನರಿನ ಚೀಲ ಎಸೆದರು, ಎಣ್ಣೆಯ ಒತ್ತಡ ನೋಡುವ ಗಡಿಯಾರದಂಥ ಗೇಜನ್ನು ಎಸೆದರು. ಅದನ್ನು ಎಂಜಿನ್ನಿನಲ್ಲಿ ಎಣ್ಣೆಯ ದೀಪದ ಸ್ವಿಚ್ ಇರುವ ತೂತಿಗೆ ಸಿಕ್ಕಿಸಿದರೆ ಪಂಪಿನ ನಿಜ ಬಣ್ಣ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಊರು ದಾಟುವ ತನಕ ಪ್ರತಿ ಸಿಗ್ನಲ್ಲೂ ಕೆಂಪಾಗಿ ಇವರಿಗಾಗಿಯೇ ಕಾದಿರುವಂತೆ ಇತ್ತು. ಮುಂದಿನ ಗಾಡಿಯವನು ಒಂದು ಕ್ಷಣ ತಡ ಮಾಡಿದರೂ ಹಾರ್ನು ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, "ಏನಪ್ಪಾ, ಅಲ್ಲೇ ಸಂಸಾರ ಹೂಡ್ತೀಯಾ?" ಎಂದು ಕೂಗಿದರು.

ಬೆಟ್ಟ ಶುರುವಾಯಿತು. ಒಂದೊಂದು ತಿರುವು ಬಂದಾಗಲೂ ಜೀವ ಕೈಯಲ್ಲಿ ಹಿಡಿದುಕೊಂಡು ಮುಂದೆ ನೋಡುವುದು. ಬದಿಯಲ್ಲಿ ಗಾಡಿ ನಿಂತಿದೆಯೇ, ಜನ ಸೇರಿದ್ದಾರೆಯೇ, ರಸ್ತೆಯ ಮೇಲೆ ಗಾಜಿನ ಚೂರುಗಳಿವೆಯೇ. ಇಲ್ಲ. ಮುಂದಿನ ತಿರುವು. ಅಲ್ಲೂ ಇಲ್ಲ. ಇಲ್ಲ ಎನ್ನುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮೇಸ್ತ್ರಿ ಬಾಯಿಪಾಠ ಮಾಡಿಕೊಳ್ಳಲು ತೊಡಗಿದರು. "ಬೀಗರೇ, ನನ್ನದು ತಪ್ಪಾಯ್ತು." ಗಟ್ಟಿಯಾಗಿ ಹೇಳಿ ನೋಡಿದರು. ಕಾರಿನೊಳಗೆ ಒಬ್ಬರೇ ಇದ್ದರೂ ನಾಚಿಕೆಯಾಯಿತು. ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಅದು "ಬೀಗರೇ, ಒಂಚೂರು ತಪ್ಪಾಗಿರಬಹುದು" ಎಂದಾಯಿತು. ಮೂರನೆಯ ಸಲ "ಬೀಗರೇ, ಈ ಗೇಜ್ ಮಾಡೋರು ಸರಿಯಾಗಿ ಮಾಡೋದಿಲ್ಲ" ಎಂದಾಯಿತು. ಸ್ಟಿಯರಿಂಗಿಗೆ ಒಂದು ಗುದ್ದು ಗುದ್ದಿ ಮತ್ತೆ ಮೊದಲಿನಿಂದ ಹೇಳತೊಡಗಿದರು.

ಬೆಟ್ಟದ ನೆತ್ತಿಯಲ್ಲಿ ರಸ್ತೆ ಅಗಲವಾಗಿ, ಒಂದು ಚಹಾದ ಅಂಗಡಿ, ಎರಡು ಬೆಂಚು, ಒಂದು ನೀರಿನ ನಲ್ಲಿ. ಅಲ್ಲಿಂದ ಮುಂದೆ ಇಳಿಜಾರು. ಅಂಗಡಿಯ ಪಕ್ಕದಲ್ಲಿ ಬೀಗರ ಕಾರು ನಿಂತಿತ್ತು, ನೆಟ್ಟಗೆ, ನಾಲ್ಕು ಚಕ್ರದ ಮೇಲೆ. ಬೀಗರು ಬೆಂಚಿನ ಮೇಲೆ ಕೂತು ಚಹಾ ಹೀರುತ್ತಿದ್ದರು. ಮಗಳು ಹಿಂದಿನ ಬಾಗಿಲು ಅರೆ ತೆರೆದು ಮಲಗಿದ ಕೂಸಿಗೆ ಗಾಳಿ ಬೀಸುತ್ತಿದ್ದಳು.

ಮೇಸ್ತ್ರಿಗೆ ಅಳು ಬಂತು. ನಿಜವಾಗಿ ಬಂತು. ಕಣ್ಣು ಒರೆಸಿಕೊಂಡು ಕೆಳಗಿಳಿದರು.

"ಅರೆ, ಅಪ್ಪ! ನೀನೇನು ಇಲ್ಲಿ?"

"ಬೀಗರೇ ಬನ್ನಿ ಬನ್ನಿ! ಚಹಾ ಹೇಳ್ಲಾ?" ಎಂದು ಬೀಗರು ಜಾಗ ಬಿಟ್ಟರು. "ಏನು, ನಮ್ಮನ್ನ ಬಿಟ್ಟಿರೋಕೆ ಆಗಲಿಲ್ವಾ?"

ಹೇಳಬೇಕಾದ ಹೊತ್ತು ಅದೇ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು. ಆದರೆ ಎದುರಿಗೆ ಮೂವರೂ ಕ್ಷೇಮವಾಗಿದ್ದಾರೆ, ಗಾಡಿ ಇಡೀ ಬೆಟ್ಟ ಹತ್ತಿ ಬಂದಿದೆ, ಬೀಗರು ನಗುತ್ತಿದ್ದಾರೆ. ಹೆದರಿಕೆ ಇಳಿದಲ್ಲಿ ಹಳೆಯ ಜಂಬ ಮೆಲ್ಲಗೆ ತಲೆಯೆತ್ತಿತು. ಹತ್ತಿ ಬಂದಿದೆ ಎಂದ ಮೇಲೆ ಪಂಪು ಸರಿಯಾಗಿಯೇ ಇರಬೇಕಲ್ಲ?

"ಈ ಕಡೆ ಒಂದು ಗಾಡಿ ನೋಡೋದಿತ್ತು" ಎಂದರು ಮೇಸ್ತ್ರಿ. ಬಾಯಿಗೆ ಬಂದ ಸುಳ್ಳು. "ಹಾಗೇ ನಿಮ್ಮದನ್ನೂ ಬಿಸಿಯಲ್ಲಿ ಒಂದ್ಸಲ ನೋಡ್ಬಿಡೋಣ ಅಂತ. ಕೀ ಕೊಡಿ."

"ಅಪ್ಪ, ನಿಂದು ಅತಿಯಾಯ್ತು" ಎಂದು ಮಗಳು ನಕ್ಕಳು.

ಡ್ರೈವರ್ ಸೀಟಿನಲ್ಲಿ ಕೂತರು. ಹೆಗಲ ಮೇಲಿಂದ ತಿರುಗಿ ನೋಡಿದರೆ ಕೂಸಿನ ಒಂದು ಕಾಲು ಸೀಟಿನಿಂದ ಕೆಳಗೆ ಜೋತಿತ್ತು. ಕೀ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಕಣ್ಣು ನೇರ ಎಣ್ಣೆಯ ದೀಪದ ಜಾಗಕ್ಕೆ ಹೋಯಿತು. ಕೆಂಪು ಇರಲಿಲ್ಲ. ಬೆಟ್ಟ ಹತ್ತಿ ಕುದಿಯುತ್ತಿರುವ ಎಂಜಿನ್, ನಿಧಾನಗತಿಯಲ್ಲಿ ಓಡುತ್ತಿದೆ, ದೀಪವಿಲ್ಲ! ಮೇಸ್ತ್ರಿ ದೊಡ್ಡದಾಗಿ ಉಸಿರು ಬಿಟ್ಟರು. ಬ್ಲೇಡು ಆಮೇಲೆಯೇ ಅಂಟಿಕೊಂಡದ್ದು. ಹತ್ತು ಎಂದರೆ ಹತ್ತೇ. ತಪ್ಪಿಲ್ಲ, ಏನೂ ತಪ್ಪಿಲ್ಲ, ಯಾರಿಗೂ ಏನೂ ಹೇಳಬೇಕಾದ್ದಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳಬೇಕೆಂಬುದನ್ನೂ ಯೋಚಿಸಿಬಿಟ್ಟರು.

ಆಮೇಲೆ ಒಂದು ಸಣ್ಣ ವಿಷಯ ಚುಚ್ಚಿತು. ಕೀ ತಿರುಗಿಸಿದಾಗ, ಎಂಜಿನ್ ಹಿಡಿಯುವುದಕ್ಕೆ ಮುಂಚೆ, ಆ ದೀಪ ಒಂದು ಸಲ ಹತ್ತಲೇಬೇಕು. ಬ್ಯಾಟರಿಯದು ಹತ್ತಿತ್ತು, ಹ್ಯಾಂಡ್‌ಬ್ರೇಕಿನದು ಹತ್ತಿತ್ತು. ಎಣ್ಣೆಯದು ಹತ್ತಿರಲಿಲ್ಲ.

ಮುಂದಕ್ಕೆ ಬಾಗಿದರು. ಕಪ್ಪು ಫಲಕದ ಮೇಲೆ, ಆ ದೀಪದ ಜಾಗದಲ್ಲಿ, ಉಗುರಗಲದ ಕಪ್ಪು ಟೇಪಿನ ತುಂಡೊಂದು ಅಂಟಿತ್ತು. ವೈರಿಗೆ ಸುತ್ತುವ ಟೇಪು. ಅದರ ಅಂಚಿಗೆ ಉಗುರು ಹಾಕಿ ಕಿತ್ತರು. ಕೆಳಗೆ ಕೆಂಪು ದೀಪ ಉರಿಯುತ್ತಿತ್ತು. ಮಿಣುಕುತ್ತಿರಲಿಲ್ಲ, ನಿಂತು ಉರಿಯುತ್ತಿತ್ತು.

ಮೇಸ್ತ್ರಿ ಎಂಜಿನ್ ಆರಿಸಿದರು.

"ಇದನ್ನ ಯಾರು ಅಂಟಿಸಿದ್ದು?"

"ಅಯ್ಯೋ, ಅದಾ!" ಮಗಳು ಕಿಟಕಿಯ ಹತ್ತಿರ ಬಂದಳು. "ನಾನೇ ಕಣಪ್ಪ. ಅರ್ಧ ಬೆಟ್ಟ ಹತ್ತಿದ್ಮೇಲೆ ಮಿಣ ಮಿಣ ಅಂತ ಶುರುವಾಯ್ತು. ಮಾವ ಗಾಬರಿ ಬಿದ್ದು ಗಾಡಿ ನಿಲ್ಲಿಸಿಬಿಟ್ರು. ಇಲ್ಲೇ ಇರೋಣ, ಯಾರನ್ನಾದ್ರೂ ಕರೆಸೋಣ ಅಂತ ಅರ್ಧ ಗಂಟೆ ಒಂದೇ ಹಠ. ನಾನೇ ಹೇಳ್ದೆ, ನಮ್ಮಪ್ಪ ಅಳೆದು ನೋಡಿ ಸರಿಯಿದೆ ಅಂದ್ಮೇಲೆ ಸರಿಯಿದೆ, ಕೆಟ್ಟಿರೋದು ದೀಪ ಅಂತ. ಆದ್ರೂ ಅವರ ಕಣ್ಣೆಲ್ಲ ಅದರ ಮೇಲೇ. ರಸ್ತೆ ನೋಡ್ಬೇಕಲ್ಲ? ಅದಕ್ಕೇ ಡ್ಯಾಶಲ್ಲಿದ್ದ ಟೇಪು ಹರಿದು ಅಂಟಿಸಿದೆ."

ಬೀಗರು ಚಹಾದ ಲೋಟ ಹಿಡಿದುಕೊಂಡೇ ಎದ್ದು ಬಂದರು. "ನನ್ನದು ಸ್ವಲ್ಪ ಪುಕ್ಕಲು ಜೀವ ಬೀಗರೇ. ನಿಮ್ಮ ಹೆಸರು ಹೇಳಿದ್ಮೇಲೆ ಸುಮ್ಮನಾದೆ" ಎಂದರು, ತಾವೇ ಏನೋ ತಪ್ಪು ಮಾಡಿದವರ ಹಾಗೆ.

ಮೇಸ್ತ್ರಿಗೆ ಸೀಟಿನಿಂದ ಏಳಲು ಆಗಲಿಲ್ಲ. ಎಂದೂ ಕೂರದ ಮನುಷ್ಯ ಹಾಗೇ ಕೂತಿದ್ದರು. ಟೇಪಿನ ತುಂಡು ಹೆಬ್ಬೆರಳಿಗೆ ಅಂಟಿಕೊಂಡಿತ್ತು.

"ದೀಪ ಕೆಟ್ಟಿಲ್ಲಮ್ಮ" ಎಂದರು. ದನಿ ಬೇರೆ ಯಾರದ್ದೋ ಎಂಬಂತಿತ್ತು. "ಪಂಪು ಹೋಗಿದೆ. ಬೀಗರೇ, ನನ್ನದು ತಪ್ಪು. ಬ್ಲೇಡು ಒರೆಸಲಿಲ್ಲ, ಎರಡು ಅಂಟಿಕೊಂಡಿತ್ತು, ಮುಂದಿನದು ಹಾಕಿ ನೋಡಲಿಲ್ಲ. ನೀವು ಹೊಸದು ಹಾಕಿ ಅಂದ್ರಿ, ನಾನು ಕೇಳಲಿಲ್ಲ. ಫೋನ್ ಮಾಡಿದಾಗ್ಲೇ ನನಗೆ ಗೊತ್ತಿತ್ತು. ಹೇಳಲಿಲ್ಲ. ಈಗ ಇಲ್ಲಿಗೆ ಬಂದೂ ಸುಳ್ಳು ಹೇಳ್ದೆ."

ಬೀಗರು ಚಹಾದ ಲೋಟವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟರು. ಮುಂದಿನ ಇಳಿಜಾರಿನತ್ತ ಒಮ್ಮೆ ನೋಡಿದರು.

ಮಗಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಹಿಂದಿನ ಬಾಗಿಲನ್ನು ಪೂರ್ತಿ ತೆರೆದು, ಮಲಗಿದ್ದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡಳು. ಚಹಾದ ಅಂಗಡಿಯನ್ನೂ ನಲ್ಲಿಯನ್ನೂ ದಾಟಿ ನಡೆದು ದೂರದ ಬೆಂಚಿನ ಹತ್ತಿರ ನಿಂತಳು. ಅಪ್ಪ ಸರಿ ಎಂದ ಗಾಡಿಯಿಂದ ಅವಳು ಹಾಗೆ ದೂರ ಹೋಗಿ ನಿಂತದ್ದು ಅದೇ ಮೊದಲು.